ಕಂಕುಳಲ್ಲೊಂದು, ಹೊಟ್ಟೆಯಲ್ಲೊಂದು

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿದ್ದೇವೆ. ಒನ್ ಬಿಎಚ್‌ಕೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಗನಿಗೆ 22 ತಿಂಗಳು. ನನಗೀಗ ಆರನೇ ತಿಂಗಳು, ಜುಲೈ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಮೊದಲ ಹೆರಿಗೆ ಧಾರವಾಡದಲ್ಲಿ, ತವರಿನಲ್ಲಿ ಆಯಿತು. ಸಿಸೇರಿಯನ್. ಇವರಿಗೆ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ (ಬಿಕೆಸಿ) ಕೆಲಸ, ಬೆಳಿಗ್ಗೆ ಎಂಟರ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಮಗ ಇನ್ನೂ ಎದೆಹಾಲು ಬಿಟ್ಟಿಲ್ಲ, ದಿನವಿಡೀ ಎತ್ತಿಕೋ ಅಂತಾನೆ. ಎತ್ತಬೇಡ, ಹಾಲು ಕುಡಿಸಬೇಡ ಎಂದು ಅತ್ತೆಯವರು ಊರಿಂದ ದಿನಾ ಫೋನಿನಲ್ಲಿ ಹೇಳುತ್ತಾರೆ. ಜೂನ್‌ನಿಂದ ಪ್ಲೇ ಗ್ರೂಪಿಗೆ ಹಾಕೋಣವೇ? ಹೆರಿಗೆಗೆ ಧಾರವಾಡಕ್ಕೆ ಹೋಗಲೇ, ಇಲ್ಲೇ ಇರಲೇ? ಇತ್ತೀಚೆಗೆ ಸಣ್ಣ ಸಣ್ಣದಕ್ಕೂ ಅವನ ಮೇಲೆ ರೇಗುತ್ತೇನೆ. ಮೊನ್ನೆ ಒಂದೇಟು ಕೊಟ್ಟು, ಆಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಸಹನೆ ಹೆಚ್ಚಿಸಿಕೊಳ್ಳಲು ಏನು ಮಾಡಬೇಕು? (ಹೆಸರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ, ಬೇರೆ ದೊಡ್ಡವರ ಮುಖ ಕಾಣದೆ, ಎರಡು ವರ್ಷ ತುಂಬದ ಮಗುವಿನ ಜೊತೆ, ಆರು ತಿಂಗಳ ಹೊಟ್ಟೆ ಹೊತ್ತು, ಏಪ್ರಿಲ್ ಸೆಖೆಯಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಇರುವವರು ರೇಗದಿದ್ದರೇ ಆಶ್ಚರ್ಯ. ನಿಮಗೆ ಸಹನೆ ಕಮ್ಮಿಯಾಗಿಲ್ಲ, ಮನೆಯಲ್ಲಿ ಕೈ ಕಮ್ಮಿಯಾಗಿದೆ. ನನ್ನ ಉತ್ತರವೆಲ್ಲ ಆ ಕೈ ಎಲ್ಲಿಂದ ತರುವುದು ಎಂಬುದರ ಸುತ್ತಲೇ ಇರುತ್ತದೆ.

ಅದಕ್ಕೂ ಮೊದಲು ಎರಡು ವಿಷಯ ನೋಡಿಬಿಡಿ. ಒಂದು, ಹಿಮೋಗ್ಲೋಬಿನ್. ಗರ್ಭಿಣಿಯರಲ್ಲಿ ಅದು 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಮೊದಲ ಮಗುವಿಗೆ ಇನ್ನೂ ಹಾಲೂಡುತ್ತಿರುವಾಗಲೇ ಮತ್ತೆ ಬಸುರಿಯಾದವರ ದೇಹಕ್ಕೆ ಖಾಲಿಯಾದದ್ದನ್ನು ತುಂಬಿಕೊಳ್ಳಲು ಸಮಯ ಸಿಕ್ಕಿರುವುದಿಲ್ಲ. ಏದುಸಿರು, ತಲೆಭಾರ, ಏನು ಕಂಡರೂ ಸಿಡಿಮಿಡಿ, ಇವೆಲ್ಲ ಎಷ್ಟೋ ಸಲ ಸ್ವಭಾವದ ದೋಷವಲ್ಲ, ಕಬ್ಬಿಣದ ಕೊರತೆ. ಮಾತ್ರೆಯನ್ನು ನುಂಗುತ್ತಿದ್ದರೂ ಚಹಾದ ಜೊತೆ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ನುಂಗುತ್ತಿದ್ದರೆ ಅರ್ಧ ವ್ಯರ್ಥ. ಎರಡರ ನಡುವೆ ಕೆಲವು ಗಂಟೆ ಬಿಡಿ, ಕಬ್ಬಿಣದ ಮಾತ್ರೆಯ ಹೊತ್ತಿಗೆ ನಿಂಬೆಹಣ್ಣಿನ ಪಾನಕ ಕುಡಿಯಿರಿ. ಎರಡು, ಮನಸ್ಸು. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ಮಗ ಮಲಗಿದರೂ ನಿದ್ದೆ ಹತ್ತುವುದಿಲ್ಲ, ಬದುಕೇ ಬೇಡ ಎನ್ನಿಸುತ್ತದೆ ಎಂದರೆ ಅದು ಬರೀ ಸುಸ್ತಲ್ಲ, ಖಿನ್ನತೆ ಬಸುರಿಯಲ್ಲೂ ಬರುತ್ತದೆ. ನಿಮ್ಮ ಹೆರಿಗೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಏಟು ಕೊಟ್ಟ ವಿಷಯಕ್ಕೆ ಇಷ್ಟೇ ಹೇಳುತ್ತೇನೆ: ಅವನನ್ನು ಹತ್ತಿರ ಕೂರಿಸಿಕೊಂಡು ‘ಅಮ್ಮ ಹೊಡೆದದ್ದು ತಪ್ಪು’ ಎಂದುಬಿಡಿ. 22 ತಿಂಗಳ ಮಗುವಿಗೂ ಅದು ಅರ್ಥವಾಗುತ್ತದೆ. ಇನ್ನೊಮ್ಮೆ ಕೈ ಎತ್ತುವ ಹಾಗಾದರೆ, ಅವನನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ಎರಡು ನಿಮಿಷ ಪಕ್ಕದ ಕೋಣೆಗೆ ಹೋಗಿ. ಅವನು ಅಳಲಿ, ಪರವಾಗಿಲ್ಲ.

ಇನ್ನು ಕೈಯ ವಿಷಯ. ಈಗ ಮಗನ ಸ್ನಾನ, ಊಟ, ನಿದ್ದೆ, ಅಳು ಎಲ್ಲಕ್ಕೂ ನೀವೊಬ್ಬರೇ. ಇದು ಜುಲೈವರೆಗೂ ಹೀಗೇ ನಡೆದರೆ, ನೀವು ಆಸ್ಪತ್ರೆಗೆ ಹೋದ ದಿನ ಅವನಿಗೆ ಅಮ್ಮನ ಜೊತೆಗೇ ಊಟ, ನಿದ್ದೆ, ಸ್ನಾನ ಎಲ್ಲವೂ ಒಂದೇ ಏಟಿಗೆ ಕೈತಪ್ಪುತ್ತವೆ. ಮನೆಗೆ ಹೊಸ ಮಗು ಬಂದದ್ದಕ್ಕಿಂತ ಇದೇ ಅವನಿಗೆ ದೊಡ್ಡ ಪೆಟ್ಟು. ಅದರ ಮೇಲೆ ಇನ್ನೊಂದಿದೆ. ಈ ಸಲವೂ ಸಿಸೇರಿಯನ್ ಆದರೆ ಸುಮಾರು ಆರು ವಾರ ನೀವು ಅವನನ್ನು ಎತ್ತುವಂತಿಲ್ಲ. ಹೊಸ ಮಗುವಿಗಿಂತ ಭಾರದ್ದನ್ನು ಎತ್ತಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ. ಮನೆಗೆ ಬಂದರೆ ಹನ್ನೊಂದೋ ಹನ್ನೆರಡೋ ಕಿಲೋ ತೂಗುವ ದೊಡ್ಡವನು ಬಾಗಿಲಲ್ಲೇ ಎರಡೂ ಕೈ ಚಾಚಿ ನಿಂತಿರುತ್ತಾನೆ.

ಆದ್ದರಿಂದ ಅಪ್ಪನ ಪಾಳಿ ಇವತ್ತಿನಿಂದಲೇ ಶುರುವಾಗಬೇಕು, ಹೆರಿಗೆಯಾದ ಮೇಲಲ್ಲ. ‘ಅವರಿಗೆ ಟೈಮೆಲ್ಲಿದೆ’ ಎನ್ನುತ್ತೀರಿ. ಇದೆ, ಸ್ವಲ್ಪ. ಬೆಳಿಗ್ಗೆ ಆರರಿಂದ ಏಳೂವರೆ ಪೂರ್ತಿ ಅವರದು: ಮಗನನ್ನು ಎಬ್ಬಿಸುವುದು, ಹಲ್ಲುಜ್ಜಿಸುವುದು, ಸ್ನಾನ, ತಿಂಡಿ. ಆ ಹೊತ್ತಿನಲ್ಲಿ ನೀವು ಮಲಗಿ, ಇಲ್ಲವೆ ಎದ್ದು ಟೆರೇಸಿಗೆ ಹೋಗಿ. ರಾತ್ರಿ ಅವರು ಬಂದ ಮೇಲೆ ಮಲಗಿಸುವುದೂ ಅವರದೇ. ಭಾನುವಾರ ಮಧ್ಯಾಹ್ನದವರೆಗೆ ಮಗನನ್ನು ಒಬ್ಬರೇ ಹೊರಗೆ ಕರೆದುಕೊಂಡು ಹೋಗಲಿ, ಉದ್ಯಾನವೋ ಭಾಜಿ ಮಾರ್ಕೆಟ್ಟೋ ಎಲ್ಲಾದರೂ ಸರಿ, ಹಾಲು ತರುವ ನೆಪವಾದರೂ ಸರಿ.

ಮೊದಲ ಹತ್ತು ಹದಿನೈದು ದಿನ ‘ಅಪ್ಪ ಬೇಡ, ಅಮ್ಮನೇ ಬೇಕು’ ಎಂದು ಕಟ್ಟಡವೇ ಕೇಳುವ ಹಾಗೆ ಅಳುತ್ತಾನೆ. ಇಲ್ಲಿ ಕಷ್ಟ ಇರುವುದು ನಿಮಗೆ. ಅಳು ಕೇಳಿದ ಕೂಡಲೇ ನೀವು ಒಳಗೆ ಬಂದು ‘ಕೊಡಿ ಇಲ್ಲಿ’ ಎಂದರೆ, ಇನ್ನೂ ಜೋರಾಗಿ ಅತ್ತರೆ ಅಮ್ಮ ಬರುತ್ತಾಳೆ ಎಂದು ಮಗ ಕಲಿಯುತ್ತಾನೆ, ನನ್ನಿಂದಾಗದು ಎಂದು ಅಪ್ಪ ಕಲಿಯುತ್ತಾರೆ. ಅಪ್ಪ ಅನ್ನ ಕಲಸುವ ರೀತಿ ಬೇರೆ ಇರುತ್ತದೆ, ಸ್ನಾನದ ಮನೆಯೆಲ್ಲ ನೀರಾಗುತ್ತದೆ, ಅಂಗಿ ಹಿಂದುಮುಂದಾಗಿರುತ್ತದೆ. ತಿದ್ದಲು ಹೋಗಬೇಡಿ. ನನ್ನಲ್ಲಿಗೆ ಬರುವ ಗಂಡಸರಲ್ಲಿ ಹೆಚ್ಚಿನವರು ಮಗುವಿನ ಕೆಲಸಕ್ಕೆ ಹಿಂಜರಿಯುವುದು ಸೋಮಾರಿತನಕ್ಕಲ್ಲ, ಪ್ರತಿ ಸಲವೂ ತಪ್ಪು ಹಿಡಿಸಿಕೊಂಡು ಸಾಕಾಗಿರುತ್ತದೆ. (ಸೋಮಾರಿಗಳೂ ಇದ್ದಾರೆ, ಅದು ಬೇರೆ ಮಾತು.)

ಹಗಲಿಗೆ ಇನ್ನೊಬ್ಬರು ಬೇಕು. ಕಸ ಮುಸುರೆಗೆ ಬರುವ ಮಾವಶಿಯನ್ನೇ ಮಧ್ಯಾಹ್ನ ಎರಡು ಗಂಟೆ ಹೆಚ್ಚಿಗೆ ಇರಲು ಕೇಳಿ. ಮನೆಗೆಲಸಕ್ಕಲ್ಲ, ಮಗನ ಜೊತೆ ಆಡಲಿಕ್ಕೆ. ಆ ಹೊತ್ತಿನಲ್ಲಿ ನೀವು ಎಡ ಮಗ್ಗುಲಾಗಿ ಮಲಗಬೇಕು, ಪಾತ್ರೆ ಜೋಡಿಸಕೂಡದು.

ಎತ್ತಿಕೊಳ್ಳುವ ಬಗ್ಗೆ ಅತ್ತೆಯವರು ಹೇಳುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರಕ್ತಸ್ರಾವ, ಕೆಳಗೆ ಕೂತ ಮಾಸು, ಗರ್ಭಕೊರಳಿಗೆ ಹೊಲಿಗೆ, ಅವಧಿಗೆ ಮುಂಚೆ ಹೆರಿಗೆಯಾದ ಚರಿತ್ರೆ, ಇವು ಯಾವುವೂ ಇಲ್ಲದವರು ಎರಡು ವರ್ಷದ ಮಗುವನ್ನು ಆಗೀಗ ಎತ್ತಿದರೆ ಹೊಟ್ಟೆಯ ಮಗುವಿಗೆ ಏನೂ ಆಗುವುದಿಲ್ಲ. ಆಗುವುದು ನಿಮ್ಮ ಸೊಂಟಕ್ಕೆ. ಬಸುರಿಯಲ್ಲಿ ಕೀಲುಗಳ ಕಟ್ಟು ಸಡಿಲವಾಗಿರುತ್ತದೆ, ಭಾರದ ಸಮತೋಲ ಮುಂದಕ್ಕೆ ಬಂದಿರುತ್ತದೆ. ಬಗ್ಗಿ ಎತ್ತಬೇಡಿ, ಕುಕ್ಕರುಗಾಲಿನಲ್ಲಿ ಕೂತು ಅವನನ್ನು ಮೈಗೆ ಒತ್ತಿಕೊಂಡು ಏಳಿ. ಒಂದೇ ಕಡೆಯ ಸೊಂಟದ ಮೇಲೆ ಕೂರಿಸಿಕೊಂಡು ಅಡುಗೆ ಮಾಡಬೇಡಿ. ಅದಕ್ಕಿಂತ ಒಳ್ಳೆಯದು, ನೀವು ಎದ್ದು ಎತ್ತುವ ಬದಲು ಕೂತು ಕರೆಯುವುದು: ‘ಬಾ, ಅಮ್ಮ ಕೂತ್ಕೋತಾಳೆ, ತೊಡೆ ಮೇಲೆ ಬಾ.’ ಹತ್ತರಲ್ಲಿ ಎಂಟು ಸಲ ಮಗುವಿಗೆ ಬೇಕಿರುವುದು ಎತ್ತರವಲ್ಲ, ಮೈಗೆ ಮೈ. ಮೆಟ್ಟಿಲು ಮಾತ್ರ ಅವನೇ ಹತ್ತಬೇಕು. ಈಗಲೇ ಕಂಬಿ ಹಿಡಿಸಿ, ಒಂದೊಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಲು ಕಲಿಸಿ. ಮೂರು ಮಹಡಿಗೆ ಹದಿನೈದು ನಿಮಿಷ ಹಿಡಿಯಲಿ. ಮಗುವನ್ನು ಎತ್ತಬೇಡ ಎನ್ನುವ ನಮ್ಮ ಮನೆಗಳಲ್ಲಿ ಬಸುರಿ ಹೆಂಗಸು ತುಂಬಿದ ಬಕೆಟ್ ಎತ್ತುವಾಗ ಯಾರೂ ಬಾಯಿ ಬಿಡುವುದಿಲ್ಲ. ಒಂದು ಬಕೆಟ್ ನೀರು ನಿಮ್ಮ ಮಗನಿಗಿಂತ ಭಾರ. ನೀರು ಬರುವ ಹೊತ್ತಿಗೆ ತುಂಬಿಡುವ ಕೆಲಸವನ್ನು ಮೊದಲು ಬಿಡಿ.

ಹಾಲಿನ ವಿಷಯ. ಬಸುರಿಯ ಹಾಲು ಕೆಟ್ಟದ್ದು, ಕುಡಿದ ಮಗು ಸೊರಗುತ್ತದೆ, ಹೊಟ್ಟೆಯ ಕೂಸಿನ ಪಾಲು ದೊಡ್ಡದಕ್ಕೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ತೊಡಕಿಲ್ಲದ ಬಸುರಿಯಲ್ಲಿ ಹಾಲೂಡಿಸುವುದರಿಂದ ಅಪಾಯವಿಲ್ಲ, ಹಿಂದಿನ ಸಿಸೇರಿಯನ್ ಕೂಡ ಅದಕ್ಕೆ ಅಡ್ಡಿಯಲ್ಲ. ಎರಡು ವರ್ಷ ಮತ್ತು ಅದರಾಚೆಗೂ ಹಾಲೂಡಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲೆ ಹೇಳಿದ ತೊಡಕುಗಳಿದ್ದರೆ, ಅಥವಾ ಅವಳಿಯಿದ್ದರೆ, ಡಾಕ್ಟರನ್ನು ಕೇಳಿ ನಿಲ್ಲಿಸಿ. ಇನ್ನು ನಿಮ್ಮ ಹಾಲು ಈಗಾಗಲೇ ಕಮ್ಮಿಯಾಗಿ, ತೊಟ್ಟು ನೋಯುತ್ತಿರಬೇಕು. ನಾಲ್ಕೈದು ತಿಂಗಳಿಗೆ ಹಾಗಾಗುವುದು ಸಹಜ. ಕಡೆಯ ತಿಂಗಳುಗಳಲ್ಲಿ ಬರುವುದು ಗಿಣ್ಣು ಹಾಲು, ರುಚಿಯೇ ಬೇರೆ. ಎಷ್ಟೋ ಮಕ್ಕಳು ತಾವಾಗಿಯೇ ಬಿಡುತ್ತಾರೆ.

ಬಿಡಿಸಬೇಕೆಂದು ನಿಮಗೇ ಅನ್ನಿಸಿದರೆ ಮೇ ಮುಗಿಯುವುದರೊಳಗೆ ಬಿಡಿಸಿ, ಇಲ್ಲವಾದರೆ ಹೆರಿಗೆಯಾಗಿ ಎರಡು ಮೂರು ತಿಂಗಳಾಗುವವರೆಗೆ ಆ ಮಾತೇ ಬೇಡ. ಜುಲೈನಲ್ಲಿ ಹಾಲು ತಪ್ಪಿಸಿ ಆಗಸ್ಟ್‌ನಲ್ಲಿ ಅದೇ ಎದೆಗೆ ಬೇರೆ ಮಗುವನ್ನು ಹಾಕಿಕೊಂಡರೆ ಅವನು ಏನೆಂದುಕೊಳ್ಳಬೇಕು? ಬೇವಿನೆಲೆ ಅರೆದು ಹಚ್ಚುವುದು, ಖಾರ ಹಚ್ಚುವುದು ಬೇಡವೇ ಬೇಡ. ಹಗಲಿನ ಹಾಲು ಒಂದೊಂದಾಗಿ ಕಳಚಿ, ಆ ಹೊತ್ತಿಗೆ ಹೊರಗೆ ಕರೆದೊಯ್ಯಿರಿ ಅಥವಾ ತಿನ್ನಲು ಕೊಡಿ. ಮಲಗುವಾಗಿನ ಹಾಲು ಕಡೆಯದು, ಅದು ಅಪ್ಪ ಮಲಗಿಸುವ ಅಭ್ಯಾಸದ ಜೊತೆ ತಾನೇ ಹೋಗುತ್ತದೆ. ಎದೆಹಾಲು ಬಿಟ್ಟನೆಂದು ಬಾಟಲಿಗಟ್ಟಲೆ ದನದ ಹಾಲು ಕುಡಿಸಬೇಡಿ. ದಿನಕ್ಕೆ ಅರ್ಧ ಲೀಟರ್ ಮೀರಿದರೆ ಊಟ ಸೇರುವುದಿಲ್ಲ, ಅವನಿಗೂ ಕಬ್ಬಿಣ ಕಮ್ಮಿಯಾಗುತ್ತದೆ. ಬಿಡದಿದ್ದರೂ ಚಿಂತೆಯಿಲ್ಲ, ಹೆರಿಗೆಯ ನಂತರ ಮೊದಲು ಹಸುಗೂಸಿಗೆ, ಆಮೇಲೆ ಅವನಿಗೆ, ಅಷ್ಟೇ ನಿಯಮ.

ಇದೇ ಜಾತಿಯ ಮಾತು ಪ್ಲೇ ಗ್ರೂಪಿಗೂ. ಜೂನ್‌ನಲ್ಲಿ ಬೇಡ. ಶಾಲೆ ಶುರುವಾಗುವ ಹೊತ್ತಿಗೆ ಮುಂಬೈ ಸುತ್ತ ಮಳೆಯೂ ಶುರು, ನೆಗಡಿ ಜ್ವರವೂ ಶುರು. ಮಕ್ಕಳ ಕೈ, ಕಾಲು, ಬಾಯಿಗೆ ಗುಳ್ಳೆ ಬರುವ ಸೋಂಕು ಒಂದು ಮಗುವಿಗೆ ಬಂದರೆ ಇಡೀ ತರಗತಿಗೆ ಹರಡುತ್ತದೆ. ಹೊಸದಾಗಿ ಸೇರಿದವನು ಎಲ್ಲವನ್ನೂ ಮನೆಗೆ ತರುತ್ತಾನೆ, ಮನೆಯಲ್ಲಿ ಹಸುಗೂಸು. ಜೊತೆಗೆ, ಮಗು ಬಂದದ್ದಕ್ಕೇ ನನ್ನನ್ನು ಹೊರಗೆ ಹಾಕಿದರು ಎಂಬ ಲೆಕ್ಕ ಅವನ ತಲೆಯಲ್ಲಿ ಕೂರುತ್ತದೆ. ಎರಡು ವರ್ಷದ ಮಗುವಿಗೆ ಶಾಲೆ ಬೇಕಿಲ್ಲ, ಬೇಕಿದ್ದರೆ ದೀಪಾವಳಿ ಕಳೆದು ನೋಡಿ. ನೀವು ಕೆಲಸಕ್ಕೆ ಹೋಗುವವರಾಗಿದ್ದು ಪಾಳಣಾಘರ (ಶಿಶುಪಾಲನಾ ಕೇಂದ್ರ) ಅನಿವಾರ್ಯವಾಗಿದ್ದರೆ ನಾಳೆಯೇ ಸೇರಿಸಿ ಎನ್ನುತ್ತಿದ್ದೆ. ಶೌಚ ಕಲಿಸುವುದು, ಬೇರೆ ಹಾಸಿಗೆಗೆ ಬದಲಿಸುವುದು ಕೂಡ ಹೀಗೇ, ಮೇ ತಿಂಗಳಲ್ಲಿ ಮುಗಿಸಿ, ಇಲ್ಲ ಚಳಿಗಾಲಕ್ಕೆ ಇಡಿ. ಕಲಿತದ್ದೂ ಆಗಸ್ಟ್‌ನಲ್ಲಿ ಮರೆತು ಹೋದೀತು, ಚಡ್ಡಿ ಮತ್ತೆ ಒದ್ದೆಯಾದೀತು. ಬೈಯದೆ ಬದಲಿಸಿ, ಕೆಲವು ವಾರದಲ್ಲಿ ಸರಿಹೋಗುತ್ತದೆ.

ಅವನ ಲಸಿಕೆ ಕಾರ್ಡ್ ತೆಗೆದು ನೋಡಿ. ದಡಾರ-ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ 16ರಿಂದ 24 ತಿಂಗಳೊಳಗೆ ಆಗಬೇಕು. ತಾಯಿ ಬಸುರಿ ಎಂದು ಅದನ್ನು ಮುಂದೂಡುವವರಿದ್ದಾರೆ. ಕಾರಣವಿಲ್ಲ. ಹೊಸ ಮಗುವನ್ನು ಕಾಯುವ ಮೊದಲ ಬೇಲಿ ದೊಡ್ಡ ಮಗುವಿನ ಲಸಿಕೆಯೇ. ಇನ್ನೊಂದು: ಅವನ ತಟ್ಟೆಯಲ್ಲಿ ಉಳಿದ ಅನ್ನವನ್ನು ನೀವು ತಿನ್ನುವುದು, ಅವನ ಚಮಚ ನಿಮ್ಮ ಬಾಯಿಗೆ ಹೋಗುವುದು ಈ ಮೂರು ತಿಂಗಳು ನಿಲ್ಲಲಿ. ಸಣ್ಣ ಮಕ್ಕಳ ಎಂಜಲು ಮತ್ತು ಮೂತ್ರದಲ್ಲಿ ಸೈಟೋಮೆಗಾಲೊವೈರಸ್ ಇರುವುದುಂಟು, ಅದು ಅವರಿಗೆ ಏನೂ ಮಾಡದಿದ್ದರೂ ಹೊಟ್ಟೆಯ ಮಗುವಿನ ಕಿವಿ, ಮಿದುಳಿಗೆ ತೊಂದರೆ ಕೊಡಬಲ್ಲದು. ಡೈಪರ್ ಬದಲಿಸಿದ ಮೇಲೆ, ಸಿಂಬಳ ಒರೆಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಮಗನಿಗೆ ಯಾವಾಗ ಹೇಳಬೇಕು ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಇನ್ನೂ ಮೂರು ತಿಂಗಳಿದೆ ಎಂಬುದು ಅವನಿಗೆ ಅರ್ಥವಿಲ್ಲದ ಮಾತು. ಹೊಟ್ಟೆ ಚೆನ್ನಾಗಿ ಕಾಣಿಸಿ, ಮಗು ಒದೆಯುವುದು ಅವನ ಕೈಗೂ ಗೊತ್ತಾಗುವ ಹಾಗಾದಾಗ ಹೇಳಿದರೆ ಸಾಕು. ‘ತಮ್ಮ ಬರ್ತಾನೆ, ನಿನ್ನ ಜೊತೆ ಆಡ್ತಾನೆ’ ಎನ್ನಬೇಡಿ. ತಮ್ಮನೋ ತಂಗಿಯೋ ನಿಮಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವುದು ಕಾನೂನಿನಲ್ಲಿ ಅಪರಾಧ. ಬರುವ ಮಗು ವರ್ಷದವರೆಗೆ ಆಡುವುದೂ ಇಲ್ಲ. ‘ಪಾಪು ಬರುತ್ತೆ, ತುಂಬಾ ಮಲಗುತ್ತೆ, ತುಂಬಾ ಅಳುತ್ತೆ, ಹಾಲು ಕುಡಿಯುತ್ತೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಎತ್ತಿಕೊಳ್ಳಲಾಗದಾಗ ‘ಹೊಟ್ಟೇಲಿ ಪಾಪು ಇದೆ, ಅದಕ್ಕೆ ಆಗಲ್ಲ’ ಎಂದು ಮಾತ್ರ ಹೇಳಬೇಡಿ. ಹುಟ್ಟುವ ಮೊದಲೇ ಅದರ ಮೇಲೆ ದೂರು ಕಟ್ಟಿದ ಹಾಗಾಗುತ್ತದೆ. ಬೆನ್ನು ನೋಯುತ್ತಿದೆ ಎನ್ನಿ, ಅದು ನಿಜವೂ ಹೌದು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದಕ್ಕೆ. ಪಕ್ಕದ ಮನೆಯವರು, ಬಂಧುಗಳು, ಮದುವೆ ಮನೆಯಲ್ಲಿ ಸಿಕ್ಕವರು ಎಲ್ಲರೂ ಮಗುವಿನ ಗಲ್ಲ ಹಿಂಡಿ ಹೇಳುತ್ತಾರೆ: ‘ಇನ್ನೇನು, ನಿನ್ನ ಸೀಟು ಹೋಯ್ತು! ಪಾಪು ಬಂದ್ಮೇಲೆ ಅಮ್ಮ ನಿನ್ನನ್ನ ಎತ್ಕೊಳ್ಳಲ್ಲ!’ ಅವರಿಗೆ ತಮಾಷೆ, ಮಗುವಿಗೆ ಅದು ಸುದ್ದಿ. ಅವನು ನಂಬುತ್ತಾನೆ, ರಾತ್ರಿ ಎದ್ದು ನಿಮ್ಮ ಸೆರಗು ಹಿಡಿಯುತ್ತಾನೆ. ಅಲ್ಲೇ, ಅವನ ಎದುರಿಗೇ, ‘ಇಲ್ಲ ಹಾಗೇನಿಲ್ಲ, ಅವನು ಯಾವತ್ತೂ ನನ್ನ ಮಗನೇ’ ಎಂದುಬಿಡಿ. ಹಿರಿಯರಿಗೆ ಬೇಜಾರಾದರೆ ಆಗಲಿ.

ಈಗ ಧಾರವಾಡವೋ ಡೊಂಬಿವಲಿಯೋ. ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬ ವಾಡಿಕೆ ನಮ್ಮ ಹಲವು ಕಡೆ ಇದೆ. ವಾಡಿಕೆ ಬದಿಗಿರಲಿ, ನಿಮ್ಮ ಪರಿಸ್ಥಿತಿಯಲ್ಲಿ ನಾನು ಡೊಂಬಿವಲಿ ಎನ್ನುತ್ತೇನೆ. ಧಾರವಾಡದಲ್ಲಿ ಕೈಗಳು ಹೆಚ್ಚು ನಿಜ, ಆದರೆ ಮಗನಿಗೆ ಅಪ್ಪನ ಕೈ ಅಲ್ಲಿಲ್ಲ. ಈ ಮೂರು ತಿಂಗಳು ಕಟ್ಟಿದ್ದೆಲ್ಲ ರೈಲು ಹತ್ತಿದ ದಿನವೇ ಕಳಚುತ್ತದೆ. ಮನೆ ಬದಲು, ಹಾಸಿಗೆ ಬದಲು, ಅಪ್ಪ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿ, ಬಂದರೆ ಮಡಿಲಲ್ಲಿ ಇನ್ನೊಂದು ಮಗು. ಇಷ್ಟನ್ನೂ ಒಟ್ಟಿಗೆ ಎರಡು ವರ್ಷದವನ ತಲೆಗೆ ಕಟ್ಟುವುದು ಬೇಡ. ನಿಮ್ಮ ಅಮ್ಮನೇ ಇಲ್ಲಿಗೆ ಬರಲಿ. ತಾಯಿಗೆ ಬರಲು ಆಗುವುದೇ ಇಲ್ಲ, ಯಜಮಾನರಿಗೆ ರಜೆಯೇ ಸಿಗದು ಎಂದಾದರೆ ಮಾತ್ರ ಧಾರವಾಡ. ಆಗ ಮೇ ತಿಂಗಳಲ್ಲೇ ಹೋಗಿ, ಮಗನಿಗೆ ಆ ಮನೆ ರೂಢಿಯಾಗಲಿ. ದೂರದ ರೈಲಿನಲ್ಲಿ ಗರ್ಭಿಣಿಯರಿಗೆ ಕೆಳ ಬರ್ತಿನ ಕೋಟಾ ಇದೆ.

ಜುಲೈನಲ್ಲಿ ಹೊರಡುವ ಮಾತು ಬೇಡವೇ ಬೇಡ. 2019ರ ಜುಲೈ 27ರಂದು ಬದ್ಲಾಪುರ ಮತ್ತು ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನಿಂತುಹೋಗಿ ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಯಲ್ಲಿ ಹೊರತೆಗೆದರು, ಅವರಲ್ಲಿ ಒಂಬತ್ತು ಮಂದಿ ಗರ್ಭಿಣಿಯರಿದ್ದರು. ನೀವು ಪುಣೆ, ಮಿರಜ್ ಮೇಲೆ ಧಾರವಾಡಕ್ಕೆ ಹೋಗುವುದೂ ಅದೇ ಹಳಿಯ ಮೇಲೆ.

ಇಲ್ಲೇ ಹೆರಿಗೆ ಎಂದ ಮೇಲೆ ಆಸ್ಪತ್ರೆಯ ಆಯ್ಕೆಗೆ ಮಳೆಯೂ ಸೇರಬೇಕು, ಹಳೆಯ ಹೊಲಿಗೆಯೂ ಸೇರಬೇಕು. ರೈಲು ಹಳಿ ದಾಟದೆ, ಲೋಕಲ್ ಇಲ್ಲದೆ, ನೀರು ನಿಲ್ಲದ ರಸ್ತೆಯಲ್ಲಿ ರಿಕ್ಷಾದಲ್ಲಿ ತಲುಪುವಂಥದ್ದಾಗಿರಲಿ. ಕಳೆದ ಮಳೆಗಾಲದಲ್ಲಿ ಆ ರಸ್ತೆ ಹೇಗಿತ್ತೆಂದು ರಿಕ್ಷಾದವರನ್ನೇ ಕೇಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. 108 ಆಂಬ್ಯುಲೆನ್ಸ್ ಇದ್ದೇ ಇದೆ, ಆದರೆ ನೀರು ತುಂಬಿದ ರಸ್ತೆಯಲ್ಲಿ ಅದೂ ನಿಲ್ಲುತ್ತದೆ. ಹಗಲು ರಾತ್ರಿ ಶಸ್ತ್ರಚಿಕಿತ್ಸೆಗೆ ಸಿದ್ಧವಿರುವ, ಅರಿವಳಿಕೆ ಡಾಕ್ಟರು ಮತ್ತು ರಕ್ತ ಕೂಡಲೇ ಸಿಗುವ ಆಸ್ಪತ್ರೆಯೇ ನಿಮಗೆ ಬೇಕು. ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಇವೆಲ್ಲ ಇವೆಯೇ ಎಂದು ನೇರವಾಗಿ ಕೇಳಿ.

ಧಾರವಾಡದ ಡಿಸ್ಚಾರ್ಜ್ ಕಾರ್ಡನ್ನು ಈಗಲೇ ಹುಡುಕಿ ತರಿಸಿಕೊಳ್ಳಿ. ಸಿಸೇರಿಯನ್ ಯಾಕಾಯಿತು, ಗರ್ಭಕೋಶಕ್ಕೆ ಕೆಳಗಡೆ ಅಡ್ಡ ಕೊಯ್ದಿದ್ದರೋ ಹೇಗೆ ಎಂಬುದು ಅದರಲ್ಲಿರುತ್ತದೆ. ಒಂದು ಸಲ ಅಡ್ಡ ಕೊಯ್ತದ ಸಿಸೇರಿಯನ್ ಆದವರು ಎರಡನೆಯದಕ್ಕೆ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 72ರಿಂದ 75 ಮಂದಿಗೆ ಅದು ಸಾಧ್ಯವಾಗುತ್ತದೆ, ಹಳೆಯ ಹೊಲಿಗೆ ಬಿಡುವ ಅಪಾಯ 200ರಲ್ಲಿ ಒಬ್ಬರಿಗೆ. ಮೊದಲ ಹೆರಿಗೆಗೂ ಎರಡನೆಯದಕ್ಕೂ ಒಂದೂವರೆ ವರ್ಷಕ್ಕಿಂತ ಕಮ್ಮಿ ಅಂತರವಿದ್ದರೆ ಆ ಅಪಾಯ ಏರುತ್ತದೆ. ನಿಮ್ಮದು ಎರಡು ವರ್ಷ ದಾಟುತ್ತದೆ, ಹಾಗಾಗಿ ಆ ಭಯ ಬೇಡ. ಎರಡು ಮಕ್ಕಳ ನಡುವೆ ಅಂತರ ಸಾಲದಾಯಿತು ಎಂದು ಯಾರಾದರೂ ಚುಚ್ಚಿದರೆ ಕೇಳಿಸಿಕೊಳ್ಳಬೇಡಿ, ಈಗ ಅದರಿಂದ ಪ್ರಯೋಜನವಿಲ್ಲ. ಸಹಜ ಹೆರಿಗೆಯಾದರೆ ದೊಡ್ಡವನನ್ನು ಬೇಗ ಎತ್ತಿಕೊಳ್ಳಬಹುದು ಎಂಬುದು ನಿಜವೇ. ಆದರೆ ಯಾವುದಾಗಬೇಕೆಂಬ ತೀರ್ಮಾನ ನಿಮ್ಮ ಡಾಕ್ಟರೊಂದಿಗೆ ಕಾಗದ ಮುಂದಿಟ್ಟುಕೊಂಡು ಆಗಬೇಕು, ಈ ಉತ್ತರ ಓದಿ ಅಲ್ಲ. ಮಾಸು ಹಳೆಯ ಗಾಯದ ಮೇಲೆ ಕೂತಿಲ್ಲ ಎಂಬುದನ್ನು ಸ್ಕ್ಯಾನಿನಲ್ಲಿ ಖಚಿತ ಮಾಡಿಕೊಳ್ಳಿ. ಈಗ, 24ರಿಂದ 28 ವಾರದೊಳಗೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ಸಕ್ಕರೆ ನೋಡುವ ಪರೀಕ್ಷೆ ಆಗಬೇಕು. ಮಗನನ್ನು ಜೊತೆಗೆ ಕರೆದೊಯ್ದು ಆ ಎರಡು ಗಂಟೆ ಲ್ಯಾಬಿನಲ್ಲಿ ಕಾಯುವ ಸಾಹಸ ಬೇಡ, ಶನಿವಾರ ಹೋಗಿ. ನೀರು ಹೋದರೆ, ರಕ್ತ ಕಂಡರೆ, ಹೊಲಿಗೆಯ ಜಾಗದಲ್ಲಿ ಬಿಡದೆ ನೋವಿದ್ದರೆ, ತಲೆಸಿಡಿತದ ಜೊತೆ ಕಣ್ಣು ಮಂಜಾದರೆ, ಮಗುವಿನ ಚಲನೆ ಕಮ್ಮಿಯಾದರೆ ಮನೆಯಲ್ಲಿ ಕಾಯಬೇಡಿ. ನೋವು ಶುರುವಾದರೂ ಅಷ್ಟೇ. ಹಳೆಯ ಹೊಲಿಗೆಯಿರುವವರು ಮನೆಯಲ್ಲಿ ನೋವು ತಿನ್ನಬಾರದು.

ಆಸ್ಪತ್ರೆಗೆ ಹೊರಡುವಾಗ ಮಗ ಮಲಗಿದ್ದಾನೆಂದು ಕಳ್ಳಹೆಜ್ಜೆಯಲ್ಲಿ ಹೋಗಬೇಡಿ. ಎಬ್ಬಿಸಿ ಹೇಳಿ, ಅತ್ತರೂ ಹೇಳಿ. ಹೇಳದೆ ಹೋದ ಅಮ್ಮನನ್ನು ಅವನು ವಾರಗಟ್ಟಲೆ ಕಾವಲು ಕಾಯುತ್ತಾನೆ, ನೀವು ಬಾತ್‌ರೂಮಿಗೆ ಹೋದರೂ ಬಾಗಿಲು ಬಡಿಯುತ್ತಾನೆ. ಚಿಕ್ಕ ಮಕ್ಕಳನ್ನು ಒಳಗೆ ಬಿಡುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿ, ಹಲವು ಕಡೆ ಬಿಡುವುದಿಲ್ಲ. ಬಿಟ್ಟರೆ, ಅವನು ಬಾಗಿಲಲ್ಲಿ ಕಾಣಿಸುವಾಗ ಹಸುಗೂಸು ತೊಟ್ಟಿಲಲ್ಲಿರಲಿ, ನಿಮ್ಮ ಕೈ ಖಾಲಿ ಇರಲಿ. ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಪಾಪು ಆಮೇಲೆ. ವೀಡಿಯೊ ಕಾಲ್ ಕೆಲವು ಮಕ್ಕಳಿಗೆ ಸಮಾಧಾನ, ಕೆಲವರಿಗೆ ಫೋನಿಟ್ಟ ಮೇಲೆ ಇನ್ನಷ್ಟು ಅಳು. ಒಂದು ಸಲ ನೋಡಿ ತೀರ್ಮಾನಿಸಿ.

ಮನೆಗೆ ಬಂದ ಮೇಲಿನ ವಿಷಯದಲ್ಲಿ ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು, ಕೆಂಡದ ಮೇಲೆ ಧೂಪ ಹಾಕಿ ಮಗುವಿಗೆ ಹೊಗೆ ಹಿಡಿಸುವುದು, ಇಲ್ಲಿನ ಮಾಲೀಶ್ ಬಾಯಿಯವರು ಮಾಡುವ ಶೇಕ-ಶೇಗಡಿ (ಕೆಂಡದ ಶಾಖ ಕೊಡುವುದು), ಯಾವುದೂ ಬೇಡ. ಹಸುಗೂಸಿನ ಶ್ವಾಸಕ್ಕೆ ಹೊಗೆ ಕೆಟ್ಟದ್ದು, ಒನ್ ಬಿಎಚ್‌ಕೆಯಲ್ಲಿ ಓಡಾಡುವ ಎರಡು ವರ್ಷದವನ ಕೈಗೆ ಕೆಂಡ ಮತ್ತು ಕುದಿಯುವ ನೀರಿನ ಪಾತ್ರೆ ಎಟುಕುತ್ತವೆ. ಅಂಟಿನುಂಡೆ, ಅಳವಿ ಪಾಯಸ ಬೇಕಾದರೆ ಮಾಡಿಕೊಡಲಿ, ಎಣ್ಣೆ ಹಚ್ಚಲಿ, ಬಿಸಿನೀರು ಹಾಕಲಿ. ಹಸುಗೂಸನ್ನೂ ದೊಡ್ಡವನನ್ನೂ ಒಂದು ನಿಮಿಷವೂ ಇಬ್ಬರನ್ನೇ ಬಿಡಬೇಡಿ. ಚಿವುಟುತ್ತಾನೆ, ಕಣ್ಣಿಗೆ ಬೆರಳು ಹಾಕುತ್ತಾನೆ, ಅದರಲ್ಲಿ ದ್ವೇಷವಿಲ್ಲ, ಏನಾಗುತ್ತದೆ ನೋಡೋಣ ಎಂಬ ಕುತೂಹಲವೇ ಹೆಚ್ಚು. ನೀವು ಹಾಲೂಡಿಸಲು ಕೂತಾಗಲೇ ಅವನಿಗೆ ನೀರು, ಸೂಸು, ಹಸಿವು ಎಲ್ಲ ನೆನಪಾಗುತ್ತದೆ. ಆ ಹೊತ್ತಿಗೆಂದೇ ಒಂದು ಡಬ್ಬಿಯಲ್ಲಿ ಆಟಿಕೆ, ಪುಸ್ತಕ, ತಿಂಡಿ ಇಟ್ಟುಕೊಳ್ಳಿ. ಮೊಬೈಲನ್ನು ಆ ಹೊತ್ತಿಗೆ ಅಭ್ಯಾಸ ಮಾಡಿಸಬೇಡಿ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ, ಹಸುಗೂಸು ದಿನಕ್ಕೆ ಎಂಟು ಹತ್ತು ಸಲ ಹಾಲು ಕುಡಿಯುತ್ತದೆ. ಲೆಕ್ಕ ನೀವೇ ಹಾಕಿ.

ಯಜಮಾನರ ರಜೆ. ಖಾಸಗಿ ಕೆಲಸದಲ್ಲಿ ಅಪ್ಪಂದಿರಿಗೆ ರಜೆ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ, ಕಂಪನಿ ಕೊಟ್ಟಷ್ಟೇ. ಸಿಕ್ಕಷ್ಟನ್ನೂ ಹೆರಿಗೆಯ ವಾರದಲ್ಲೇ ಖರ್ಚು ಮಾಡಬೇಡಿ. ಆಗ ಅಮ್ಮ ಇರುತ್ತಾರೆ, ನೋಡಲು ಬರುವವರೂ ಇರುತ್ತಾರೆ. ಆಸ್ಪತ್ರೆಯ ದಿನಗಳಿಗೆ ಅರ್ಧ ಸಾಕು. ಉಳಿದರ್ಧ ಅಮ್ಮ ಧಾರವಾಡಕ್ಕೆ ಹಿಂತಿರುಗುವ ವಾರಕ್ಕೆ ಇರಲಿ, ನೀವು ಮೊದಲ ಸಲ ಇಬ್ಬರು ಮಕ್ಕಳ ಜೊತೆ ಒಬ್ಬರೇ ಆಗುವುದು ಆವಾಗ. ಮನೆಯಿಂದ ಕೆಲಸ ಮಾಡಲು ಬಿಡುವ ದಿನಗಳಿದ್ದರೆ ಅವನ್ನೂ ಅಲ್ಲಿಗೇ ಕೂಡಿಸಿ.

ಅಮ್ಮ ಜುಲೈ ಮೊದಲ ವಾರಕ್ಕೇ ಬರಲಿ. ಅಜ್ಜಿಯ ಕೈಯೂಟಕ್ಕೆ ಮಗ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು, ಮಳೆಗೆ ರೈಲು ತಡವಾದರೂ ಆತಂಕವಿಲ್ಲ. ರೈಲ್ವೆಯಲ್ಲಿ ಈಗ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಜುಲೈ 5ಕ್ಕೆ ಹೊರಡುವುದಾದರೆ ಮೇ 6ರಂದೇ ಟಿಕೆಟ್ ನೋಡಿ.